ನೋಡಲು ಹೋದ ವಿಮಾನ ಮರಳದಿದ್ದಾಗ: ಗಸ್ತು ಹಾರಾಟದ ನಷ್ಟಗಳು ಲೆಕ್ಕಕ್ಕೆ ಸಿಗದ ಕಥೆ

2025ರ ಆಗಸ್ಟ್ 9ರಂದು ವಾಯುಪಡೆ ಮುಖ್ಯಸ್ಥ ಎ.ಪಿ. ಸಿಂಗ್ ಬೆಂಗಳೂರಿನ ಉಪನ್ಯಾಸವೊಂದರಲ್ಲಿ ಒಂದು ಲೆಕ್ಕ ಕೊಟ್ಟರು. ಮೇ ತಿಂಗಳ ಆಪರೇಷನ್ ಸಿಂಧೂರದಲ್ಲಿ ಪಾಕಿಸ್ತಾನದ ಐದು ಯುದ್ಧವಿಮಾನಗಳನ್ನು ಹೊಡೆದುರುಳಿಸಲಾಗಿದೆ, ಜೊತೆಗೆ ಒಂದು ದೊಡ್ಡ ವಿಮಾನವನ್ನು ಸುಮಾರು 300 ಕಿ.ಮೀ. ದೂರದಿಂದ ಕೆಡವಲಾಗಿದೆ ಎಂದರು. ಆ ದೊಡ್ಡದು ಕಣ್ಗಾವಲಿನ ವಿಮಾನ ಇರಬಹುದು ಎಂದೂ ಹೇಳಿದರು. ಪಾಕಿಸ್ತಾನ ಇಡೀ ಹೇಳಿಕೆಯನ್ನೇ ಅಲ್ಲಗಳೆಯಿತು. ಅದಕ್ಕೂ ಮೊದಲು, ಮೇ 31ರಂದು ಸಿಂಗಪುರದಲ್ಲಿ ಮಾತನಾಡಿದ ರಕ್ಷಣಾ ಪಡೆಗಳ ಮುಖ್ಯಸ್ಥ ಅನಿಲ್ ಚೌಹಾಣ್, ನಮ್ಮ ಕಡೆಯೂ ವಿಮಾನಗಳು ಹೋಗಿವೆ ಎಂದು ಒಪ್ಪಿಕೊಂಡಿದ್ದರು. ಎಷ್ಟು ಎಂದು ಮಾತ್ರ ಹೇಳಲಿಲ್ಲ.

ಮೈಸೂರಿನಲ್ಲಿ ಈ ಚರ್ಚೆಗೆ ಬೇಗ ತೆರೆ ಬೀಳುವುದಿಲ್ಲ. ವಾಯುಪಡೆಗೆ ಅಧಿಕಾರಿಗಳನ್ನು ಆರಿಸುವ ಎರಡನೇ ಆಯ್ಕೆ ಮಂಡಳಿ ಇರುವುದು ಈ ಊರಿನಲ್ಲಿ. ದೇಶದ ಮೂಲೆಮೂಲೆಯಿಂದ ಹುಡುಗ ಹುಡುಗಿಯರು ಪೆಟ್ಟಿಗೆ ಹಿಡಿದು ಮೈಸೂರು ರೈಲು ನಿಲ್ದಾಣದಲ್ಲಿ ಇಳಿಯುತ್ತಾರೆ. ಪೈಲಟ್ ಆಗಬೇಕೆನ್ನುವವರು ಇಲ್ಲೇ ಯೋಗ್ಯತಾ ಪರೀಕ್ಷೆಗೂ ಕೂರುತ್ತಾರೆ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಗ್ಗೆ ನಡೆಯುವವರಲ್ಲಿ ಸೇನೆಯಿಂದ ನಿವೃತ್ತರಾದವರೂ ಇದ್ದಾರೆ. ಹಾಗಾಗಿ ಎಷ್ಟು ಬಿದ್ದವು, ಯಾರದ್ದು ಬಿದ್ದವು ಎಂಬ ಮಾತು ಇಲ್ಲಿ ಟಿ.ವಿ.ಯ ಮುಂದೆಯೇ ಮುಗಿಯುವುದಿಲ್ಲ.

ಈ ಲೆಕ್ಕದೊಳಗೆ ಅತ್ಯಂತ ಸಿಕ್ಕಾದ ಭಾಗವೊಂದಿದೆ. ಬಾಂಬು ಹಾಕಲು ಹೋಗದೆ, ಕಾದಾಡಲು ಹೋಗದೆ, ಬರೀ ನೋಡಿ ಬರಲು ಹೋದ ವಿಮಾನಗಳದ್ದು. ಕಡಲ ಮೇಲಿನ ಗಸ್ತು, ಗಡಿಯಾಚೆಯ ಛಾಯಾಚಿತ್ರ, ಫಿರಂಗಿಗೆ ಗುರಿ ತೋರಿಸುವ ಹಾರಾಟ ಇವೆಲ್ಲ ಈ ಭಾಗಕ್ಕೆ ಸೇರುತ್ತವೆ. ಇಂಥ ವಿಮಾನ ಹೆಚ್ಚಾಗಿ ಒಂಟಿಯಾಗಿ ಹೋಗುತ್ತದೆ. ತನ್ನ ಇರವು ತಿಳಿಯಬಾರದೆಂದು ರೇಡಿಯೊವನ್ನು ಮೌನವಾಗಿಟ್ಟಿರುತ್ತದೆ. ಬಿದ್ದರೆ ನಮ್ಮವರು ಯಾರೂ ನೋಡಿರುವುದಿಲ್ಲ. ಹೊಡೆದವರು ಹೇಳಿದರೆ ಉಂಟು, ಇಲ್ಲದಿದ್ದರೆ ‘ನಾಪತ್ತೆ’. ಹವಾಮಾನ ಕೆಟ್ಟು ಬಿದ್ದಿತೋ, ದಾರಿ ತಪ್ಪಿ ಇಂಧನ ಮುಗಿಯಿತೋ, ಗುಂಡು ತಾಗಿತೋ ಎಂದು ಬೇರ್ಪಡಿಸಲು ಸಾಕ್ಷಿಯೇ ಇರುವುದಿಲ್ಲ.

ವಿಮಾನ ಯುದ್ಧಕ್ಕೆ ಇಳಿದದ್ದೇ ಈ ಕೆಲಸಕ್ಕಾಗಿ. ಮೊದಲ ಮಹಾಯುದ್ಧದಲ್ಲಿ ಅದನ್ನು ಬಳಸಿದ್ದು ಮೊದಲು ಕಣ್ಣಾಗಿ, ಆಮೇಲೆ ಆಯುಧವಾಗಿ. ಒಳ್ಳೆಯ ಚಿತ್ರ ಬೇಕೆಂದರೆ ಒಂದೇ ಎತ್ತರದಲ್ಲಿ, ನೇರ ಗೆರೆಯಲ್ಲಿ ಹಾರಬೇಕು. ಹಾಗೆ ಹಾರುವುದನ್ನು ಹೊಡೆಯುವುದು ಸುಲಭ. 1917ರ ಏಪ್ರಿಲ್ ಒಂದೇ ತಿಂಗಳಲ್ಲಿ ಪಶ್ಚಿಮ ರಣರಂಗದಲ್ಲಿ ಬ್ರಿಟಿಷರು 245 ವಿಮಾನ ಕಳೆದುಕೊಂಡರು. ಬಹುಪಾಲು ಚಿತ್ರ ತೆಗೆಯಲು, ಫಿರಂಗಿಗೆ ಗುರಿ ತೋರಲು ಹೋಗಿದ್ದ ಇಬ್ಬರು ಕೂರುವ ವಿಮಾನಗಳೇ. ಗಾಳಿ ಪಶ್ಚಿಮದಿಂದ ಬೀಸುತ್ತಿದ್ದುದರಿಂದ ಎಂಜಿನ್ ಕೆಟ್ಟ ವಿಮಾನ ಶತ್ರುವಿನ ನೆಲದ ಕಡೆಗೇ ತೇಲಿ ಹೋಗುತ್ತಿತ್ತು.

ಇಷ್ಟು ಜೀವ ತೆತ್ತಾದರೂ ನೋಡಲೇಬೇಕಿತ್ತೇ? ಉತ್ತರ ಮೈಸೂರಿನವರಿಗೆ ಗೊತ್ತಿರುವ ಒಂದು ಯುದ್ಧದಲ್ಲಿದೆ. 1918ರ ಸೆಪ್ಟೆಂಬರ್ 22ರಂದು, ತುರ್ಕರು ಹೈಫಾ ಬಿಟ್ಟುಹೋಗಿದ್ದಾರೆ ಎಂದು ವಿಮಾನದಿಂದ ನೋಡಿದವರು ವರದಿ ಕೊಟ್ಟರು. ಅದನ್ನು ನಂಬಿ ಹೊರಟ ಶಸ್ತ್ರಸಜ್ಜಿತ ಕಾರುಗಳ ತುಕಡಿ ಮೆಷಿನ್‌ಗನ್, ಫಿರಂಗಿಗಳ ಬಾಯಿಗೆ ಹೋಗಿ ನಿಂತಿತು. ಮರುದಿನ ಆ ಊರನ್ನು ಹಿಡಿದವರು ಮೈಸೂರು ಮತ್ತು ಜೋಧಪುರ ಲ್ಯಾನ್ಸರ್ಸ್‌ನ ಕುದುರೆ ಸವಾರರು. ಮೇಲಿನಿಂದ ಸರಿಯಾಗಿ ಕಾಣದಿದ್ದರೆ ಕೆಳಗಿರುವವನು ಬೆಲೆ ತೆರುತ್ತಾನೆ. ಅದಕ್ಕೇ ಯಾವ ಸೇನೆಯೂ ಈ ಹಾರಾಟ ನಿಲ್ಲಿಸಲಿಲ್ಲ.

ಎರಡನೇ ಮಹಾಯುದ್ಧ ಬರುವ ಹೊತ್ತಿಗೆ ಈ ಕಥೆ ನಮ್ಮ ಅಂಗಳಕ್ಕೇ ಬಂತು. ಮೈಸೂರು ಸಂಸ್ಥಾನ ಕೊಟ್ಟ ಹಣದ ನೆನಪಿಗೆ ಬ್ರಿಟಿಷ್ ವಾಯುಪಡೆಯ 129ನೇ ಸ್ಕ್ವಾಡ್ರನ್ ‘ಮೈಸೂರು’ ಎಂಬ ಹೆಸರು ಪಡೆಯಿತು, ಲಾಂಛನದಲ್ಲಿ ಗಂಡಭೇರುಂಡ. ಅದು ಯುರೋಪಿನಲ್ಲಿ ಕಾದಾಡಿದ ಪಡೆ. ನಮಗೆ ಇನ್ನೂ ಹತ್ತಿರದ್ದು ಕ್ಯಾಟಲಿನಾ. ಇದು ನೀರಿನ ಮೇಲೆ ಇಳಿಯುವ ದೊಡ್ಡ ವಿಮಾನ. ವೇಗ ಗಂಟೆಗೆ ಸುಮಾರು 200 ಕಿ.ಮೀ. ಮಾತ್ರ. ಆದರೆ ಒಂದು ಹಗಲು ಒಂದು ರಾತ್ರಿಯಷ್ಟು ಹೊತ್ತು ಗಾಳಿಯಲ್ಲಿ ಇರಬಲ್ಲದು. ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ 1940ರ ಡಿಸೆಂಬರ್‌ನಲ್ಲಿ ಕಟ್ಟಿದ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಯುದ್ಧಕಾಲದಲ್ಲಿ ಅಮೆರಿಕನ್ನರ ರಿಪೇರಿ ಡಿಪೋ ಆಯಿತು. ರಿಪೇರಿಗೆ ಬರುವ ಕ್ಯಾಟಲಿನಾಗಳು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಇಂದು ನೊರೆಗೆ ಹೆಸರಾದ ಅದೇ ಕೆರೆ.

ಆ ವಿಮಾನಗಳು ಮಾಡುತ್ತಿದ್ದ ಕೆಲಸವೇನೆಂದು ತಿಳಿಯಲು 1942ರ ಏಪ್ರಿಲ್ ಮೊದಲ ವಾರವನ್ನು ನೋಡಬೇಕು. ಸಿಂಗಪುರ ಬಿದ್ದಾಗಿತ್ತು, ರಂಗೂನ್ ಬಿದ್ದಾಗಿತ್ತು. ಜಪಾನಿನ ವಿಮಾನವಾಹಕ ಹಡಗುಗಳು ಹಿಂದೂ ಮಹಾಸಾಗರಕ್ಕೆ ನುಗ್ಗಿದ್ದವು. ಸಿಂಹಳದ ಕೊಗ್ಗಲ ನೆಲೆಯಿಂದ ಹೊರಟ ಕೆನಡಾದ 413ನೇ ಸ್ಕ್ವಾಡ್ರನ್‌ನ ಕ್ಯಾಟಲಿನಾ ಏಪ್ರಿಲ್ 4ರ ಸಂಜೆ ತನ್ನ ಪಾಲಿನ ಗಸ್ತು ಮುಗಿಸುವುದರಲ್ಲಿತ್ತು. ಲಿಯೊನಾರ್ಡ್ ಬರ್ಚಲ್ ಅದರ ನಾಯಕ. ಒಳಗೆ ಒಟ್ಟು ಒಂಬತ್ತು ಜನ. ದಕ್ಷಿಣದ ಅಂಚಿನಲ್ಲಿ ಚುಕ್ಕೆಗಳು ಕಂಡವು. ಹತ್ತಿರ ಹೋಗದೆ ಯಾರ ಹಡಗೆಂದು ತಿಳಿಯುವುದಿಲ್ಲ, ಹತ್ತಿರ ಹೋದರೆ ಹಿಂದಿರುಗುವುದು ಕಷ್ಟ. ಬರ್ಚಲ್ ಹತ್ತಿರ ಹೋದರು. ಹಡಗುಗಳ ಸಂಖ್ಯೆ, ಜಾಗ, ದಿಕ್ಕು ಎಲ್ಲವನ್ನೂ ರೇಡಿಯೊದಲ್ಲಿ ಕಳಿಸುತ್ತಿದ್ದಾಗಲೇ ಝೀರೊ ಯುದ್ಧವಿಮಾನಗಳು ಮೇಲೆರಗಿದವು. ಸಂದೇಶ ಅರ್ಧಕ್ಕೆ ನಿಂತಿತು, ಆದರೆ ಅಷ್ಟರಲ್ಲಿ ಕೊಲಂಬೊಗೆ ಮುಟ್ಟಿತ್ತು. ಮರುದಿನ ಬೆಳಗ್ಗೆ ದಾಳಿ ನಡೆದಾಗ ಬಂದರಿನ ಬಹಳಷ್ಟು ಹಡಗುಗಳು ಹೊರಗೆ ಹೋಗಿದ್ದವು.

ಬರ್ಚಲ್ ತಂಡದ ಮೂವರು ಸತ್ತರು. ಆರು ಮಂದಿಯನ್ನು ಜಪಾನೀಯರು ನೀರಿನಿಂದೆತ್ತಿ ಸೆರೆ ಹಿಡಿದರು. ಅವರು 1945ರಲ್ಲಿ ಸೆರೆಶಿಬಿರದಿಂದ ಜೀವಂತ ಹೊರಬಂದರು. ಅವರ ಕಥೆ ನಮಗೆ ಇಷ್ಟು ವಿವರವಾಗಿ ಗೊತ್ತಿರುವುದು ಆ ಕಾರಣಕ್ಕೇ. ಅದೇ ವಾರ ಅದೇ ನೌಕಾಪಡೆಯನ್ನು ಕಂಡು ವರದಿ ಕಳಿಸಿದ ಇನ್ನೆರಡು ಕ್ಯಾಟಲಿನಾಗಳು ಮರಳಲಿಲ್ಲ. ಒಬ್ಬರೂ ಉಳಿಯಲಿಲ್ಲ. ಅವರೂ ಅಷ್ಟೇ ಹತ್ತಿರ ಹೋಗಿರಬೇಕು, ಅಷ್ಟೇ ಗಟ್ಟಿಯಾಗಿ ರೇಡಿಯೊಗೆ ಅಂಟಿಕೊಂಡಿರಬೇಕು. ಅವರ ಪಾಲಿಗೆ ಕಡತದಲ್ಲಿರುವುದು ಒಂದೆರಡು ಸಾಲು. ಬರ್ಚಲ್‌ರನ್ನು ಸಿಂಹಳದ ರಕ್ಷಕನೆಂದು ಕರೆದದ್ದು ನ್ಯಾಯವೇ, ಆದರೆ ಆ ಎರಡು ವಿಮಾನಗಳವರನ್ನೂ ಅದೇ ಉಸಿರಿನಲ್ಲಿ ನೆನೆಯಬೇಕು.

ಕಡಲ ಮೇಲೆ ಹೀಗಿದ್ದರೆ ಕಾಡಿನ ಮೇಲೆ ಇನ್ನೊಂದು ಬಗೆ. ಬರ್ಮಾದ ಅರಕಾನಿನಲ್ಲಿ ಭಾರತೀಯ ವಾಯುಪಡೆಯ 6ನೇ ಸ್ಕ್ವಾಡ್ರನ್, ಮೆಹರ್ ಸಿಂಗ್ ನಾಯಕತ್ವದಲ್ಲಿ ಹರಿಕೇನ್ ವಿಮಾನಗಳಲ್ಲಿ ಜಪಾನೀ ನೆಲೆಗಳ ಚಿತ್ರ ತೆಗೆಯುತ್ತಿತ್ತು. ಅಲ್ಲಿ ಕಾದಾಡುತ್ತಿದ್ದ ಬ್ರಿಟಿಷರ 14ನೇ ಸೇನೆಯ ಕಣ್ಣುಗಳು ಎಂದೇ ಅವರಿಗೆ ಹೆಸರು. ಜೋಡಿಯಾಗಿ ಹೋಗುತ್ತಿದ್ದರು. ಒಬ್ಬ ಕೆಳಗೆ ನೋಡಬೇಕು, ಇನ್ನೊಬ್ಬ ಹಿಂದೆ ಮುಂದೆ ಸುಳಿಯುತ್ತ ಅವನ ಬೆನ್ನು ಕಾಯಬೇಕು. ಆ ಕಾಡಿನ ಮೇಲಾವರಣದೊಳಕ್ಕೆ ಬಿದ್ದ ವಿಮಾನ ಮೇಲಿನಿಂದ ಕಾಣುವುದೇ ಇಲ್ಲ.

ಸ್ವಾತಂತ್ರ್ಯದ ನಂತರ ಗೊಂದಲ ಬೇರೆ ರೂಪ ತಾಳಿತು, ಯುದ್ಧ ಯಾವುದು ಶಾಂತಿ ಯಾವುದು ಎಂಬ ಗೆರೆಯೇ ಮಸುಕಾಯಿತು. 1959ರ ಏಪ್ರಿಲ್ 10ರಂದು ರಾವಲ್ಪಿಂಡಿಯ ಬಳಿ ಚಿತ್ರ ತೆಗೆಯಲು ಹೋಗಿದ್ದ ನಮ್ಮ ಕ್ಯಾನ್‌ಬೆರಾ ವಿಮಾನವನ್ನು ಪಾಕಿಸ್ತಾನ ಕೆಡವಿತು. ಆಗ ಯುದ್ಧವೇ ಇರಲಿಲ್ಲ, ಅದರಲ್ಲಿದ್ದ ಇಬ್ಬರೂ ಹೊರಗೆ ಹಾರಿಕೊಂಡು ಬದುಕಿ ಹಿಂದಿರುಗಿದರು. ಅದೇ ಬಗೆಯ ವಿಮಾನದಲ್ಲಿ 1962 ಮತ್ತು 1965ರಲ್ಲಿ ಶತ್ರುನೆಲದ ಚಿತ್ರಗಳನ್ನು ತಂದ ಜಗ್‌ಮೋಹನ್ ನಾಥ್ ಎರಡು ಸಲ ಮಹಾವೀರ ಚಕ್ರ ಪಡೆದರು. 1965ರ ಸೆಪ್ಟೆಂಬರ್ 19ರಂದು ಕಛ್‌ನಲ್ಲಿ ಗುಜರಾತ್ ಮುಖ್ಯಮಂತ್ರಿ ಬಲವಂತರಾಯ್ ಮೆಹ್ತಾ ಇದ್ದ ನಾಗರಿಕ ವಿಮಾನವನ್ನು ಗಸ್ತು ವಿಮಾನವೆಂದು ಭಾವಿಸಿ ಪಾಕಿಸ್ತಾನದ ಯುದ್ಧವಿಮಾನ ಹೊಡೆದು ಹಾಕಿತು, ಎಂಟು ಜನ ಸತ್ತರು. ಹೊಡೆದ ಪೈಲಟ್ 2011ರಲ್ಲಿ, ಸತ್ತ ಪೈಲಟ್‌ನ ಮಗಳಿಗೆ ಸಂತಾಪದ ಪತ್ರ ಬರೆದರು. 1971ರ ಡಿಸೆಂಬರ್ 9ರ ರಾತ್ರಿ ನಮ್ಮ ಯುದ್ಧನೌಕೆ ಐಎನ್‌ಎಸ್ ಖುಕ್ರಿ ಮುಳುಗಿದ ಮರುದಿನ, ಕಛ್ ಕಡಲ ಮೇಲಿದ್ದ ನೌಕಾಪಡೆಯ ಅಲಿಝೆ ವಿಮಾನವನ್ನು ಪಾಕಿಸ್ತಾನದ ಸ್ಟಾರ್‌ಫೈಟರ್ ಹೊಡೆಯಿತು. ಶಬ್ದದ ಎರಡು ಪಟ್ಟು ವೇಗದ ವಿಮಾನದ ಎದುರು ಪ್ರೊಪೆಲ್ಲರ್ ವಿಮಾನ. ಮೂವರು ಕಡಲಿನ ಪಾಲಾದರು.

1999ರಲ್ಲಿ ಯುದ್ಧದ ನಡುವೆ ಒಂದು, ಯುದ್ಧ ಮುಗಿದ ಮೇಲೆ ಒಂದು, ಹೀಗೆ ಎರಡು ಬಗೆಯೂ ನಡೆದವು. ಮೇ 21ರಂದು ಬಟಾಲಿಕ್ ಮೇಲೆ ಚಿತ್ರ ತೆಗೆಯುತ್ತಿದ್ದ ಕ್ಯಾನ್‌ಬೆರಾಗೆ ಭುಜದ ಮೇಲಿಂದ ಹಾರಿಸುವ ಕ್ಷಿಪಣಿ ತಾಗಿತು, ಒಂದೇ ಎಂಜಿನ್‌ನಲ್ಲಿ ಶ್ರೀನಗರಕ್ಕೆ ಬಂದು ಇಳಿಯಿತು. ಕಾರ್ಗಿಲ್ ಮುಗಿದ ಮೇಲೆ, ಆಗಸ್ಟ್ 10ರಂದು, ಪಾಕಿಸ್ತಾನ ನೌಕಾಪಡೆಯ ಅಟ್ಲಾಂಟಿಕ್ ಗಸ್ತು ವಿಮಾನವನ್ನು ನಮ್ಮ ಮಿಗ್-21 ಹೊಡೆದುರುಳಿಸಿತು. ಅದರಲ್ಲಿದ್ದ 16 ಮಂದಿಯೂ ಸತ್ತರು. ಅದು ಯಾರ ಆಕಾಶದಲ್ಲಿತ್ತು ಎಂಬ ಬಗ್ಗೆ ಎರಡೂ ದೇಶಗಳು ತದ್ವಿರುದ್ಧ ಹೇಳಿದವು. ಪಾಕಿಸ್ತಾನ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ತನಗೆ ವಿಚಾರಣೆಯ ವ್ಯಾಪ್ತಿಯೇ ಇಲ್ಲ ಎಂದು 2000ದ ಜೂನ್‌ನಲ್ಲಿ ನ್ಯಾಯಾಲಯ 14–2 ಮತಗಳಿಂದ ಹೇಳಿತು. ಪ್ರಶ್ನೆ ಹಾಗೇ ಉಳಿಯಿತು.

ಉತ್ತರ ಸಿಗದಿದ್ದರೆ ಮನೆಯವರ ಪಾಡೇನು? ನಮ್ಮ ನೆರೆಯ ಕೊಡಗಿನ ಅಜ್ಜಮಾಡ ದೇವಯ್ಯ ಹೋಗಿದ್ದು ಗಸ್ತಿಗಲ್ಲ, 1965ರಲ್ಲಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ. ಆದರೂ ‘ನಾಪತ್ತೆ’ ಎಂದರೆ ಏನೆಂದು ತಿಳಿಯಲು ಅವರ ಕಥೆಗಿಂತ ಬೇರೆ ಬೇಡ. ತಮ್ಮ ಹಳೆಯ ಮಿಸ್ಟೇರ್ ವಿಮಾನದಲ್ಲಿ ಅವರು ಸ್ಟಾರ್‌ಫೈಟರ್ ಒಂದನ್ನು ಕೆಡವಿದ್ದು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪಾಕಿಸ್ತಾನದ ಕಡೆಯ ಮಾಹಿತಿ ಆಧರಿಸಿ ಬ್ರಿಟಿಷ್ ಲೇಖಕರೊಬ್ಬರು ಬರೆದ ಮೇಲಷ್ಟೇ ಸುಳಿವು ಸಿಕ್ಕಿತು. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷಗಳ ನಂತರ. 1971ರಲ್ಲಿ ನಾಪತ್ತೆಯಾದವರ ಪಟ್ಟಿಯಲ್ಲಿ 54 ಹೆಸರುಗಳಿವೆ, ವಾಯುಪಡೆಯವರೂ ಅದರಲ್ಲಿ ಬಹಳ ಮಂದಿ. 1983ರಲ್ಲಿ, ಮತ್ತೆ 2007ರಲ್ಲಿ ಅವರ ಬಂಧುಗಳು ಪಾಕಿಸ್ತಾನದ ಜೈಲುಗಳಿಗೇ ಹೋಗಿ ಹುಡುಕಿ ಬಂದರು. ಏಳು ವರ್ಷ ಸುದ್ದಿ ಇಲ್ಲದವರನ್ನು ಸತ್ತರೆಂದು ಭಾವಿಸಬಹುದು ಎನ್ನುತ್ತದೆ ಕಾನೂನು. ಹೆಂಡತಿಯೋ ತಾಯಿಯೋ ಹಾಗೆ ಭಾವಿಸಬೇಕೆಂದು ಯಾರೂ ಒತ್ತಾಯಿಸಲಾರರು.

ಈಗ ನೋಡುವ ಕೆಲಸ ಮೆಲ್ಲಗೆ ಡ್ರೋನ್‌ಗಳಿಗೆ ಹೋಗುತ್ತಿದೆ. 2023ರ ಆಗಸ್ಟ್‌ನಲ್ಲಿ ಹಿರಿಯೂರು ತಾಲ್ಲೂಕಿನ ವದ್ದೀಕೆರೆಯ ಹೊಲದಲ್ಲಿ ತಪಸ್ ಡ್ರೋನ್ ಬಿದ್ದಾಗ ರೈತರು ಸುತ್ತ ನೆರೆದು ನೋಡಿದರು. 2024ರ ಸೆಪ್ಟೆಂಬರ್‌ನಲ್ಲಿ ನೌಕಾಪಡೆ ಬಾಡಿಗೆಗೆ ಪಡೆದಿದ್ದ ದೊಡ್ಡ ಡ್ರೋನ್ ಬಂಗಾಳ ಕೊಲ್ಲಿಗೆ ಬಿತ್ತು. ಎರಡರಲ್ಲೂ ಯಾರ ಮನೆಗೂ ಕೆಟ್ಟ ಸುದ್ದಿ ಹೋಗಲಿಲ್ಲ. ಆದರೆ ಆಕಾಶದಿಂದ ಇಡೀ ರಣರಂಗವನ್ನೇ ನೋಡುವ ರೇಡಾರ್ ವಿಮಾನಗಳಲ್ಲಿ ಮಾತ್ರ ಇಂದಿಗೂ ಹತ್ತಾರು ಜನ ಕೂತಿರುತ್ತಾರೆ. ರಷ್ಯಾದ ಅಂಥ ಎರಡು ಎ-50 ವಿಮಾನಗಳನ್ನು 2024ರ ಜನವರಿ, ಫೆಬ್ರವರಿಯಲ್ಲಿ ಕೆಡವಿದ್ದಾಗಿ ಉಕ್ರೇನ್ ಹೇಳಿತು. ದೂರದ ಕ್ಷಿಪಣಿ ಬಂದ ಮೇಲೆ ಹಿಂದೆ ನಿಂತು ನೋಡುವವನಿಗೂ ರಕ್ಷಣೆ ಇಲ್ಲ.

ಕಡತಗಳ ವಿಷಯದಲ್ಲಿ ಒಂದು ದಾರಿ ತೆರೆದಿದೆ. 2021ರ ಜೂನ್‌ನಲ್ಲಿ ರಕ್ಷಣಾ ಸಚಿವಾಲಯ ಒಪ್ಪಿದ ನೀತಿಯ ಪ್ರಕಾರ ಯುದ್ಧದ ಇತಿಹಾಸವನ್ನು ಐದು ವರ್ಷದೊಳಗೆ ಸಂಕಲಿಸಬೇಕು. ಸಾಮಾನ್ಯವಾಗಿ 25 ವರ್ಷಕ್ಕೆ ದಾಖಲೆಗಳನ್ನು ಗೋಪ್ಯತೆಯಿಂದ ಬಿಡಿಸಬೇಕು. 1971ರ ಯುದ್ಧದ ಇತಿಹಾಸವನ್ನು ಸಚಿವಾಲಯದ ವಿಭಾಗವೇ 1992ಕ್ಕೆ ಸಿದ್ಧಪಡಿಸಿತ್ತು, ಜನ ಅದನ್ನು ಓದಿದ್ದು 2000ದಲ್ಲಿ ಪತ್ರಿಕೆಯೊಂದರ ಕೈಗೆ ಸಿಕ್ಕಿದ ಮೇಲೆ. ಸಿಂಗಪುರದಲ್ಲಿ ಚೌಹಾಣ್ ಹೇಳಿದ್ದು, ಎಷ್ಟು ಬಿದ್ದವು ಎಂಬುದಕ್ಕಿಂತ ಏಕೆ ಬಿದ್ದವು ಎಂಬುದು ಮುಖ್ಯ ಎಂದು. ಆ ಮಾತು ಹಳೆಯ ಹಾರಾಟಗಳಿಗೂ ಅನ್ವಯವಾಗಲಿ. ಯಾವ ಹೊತ್ತಿಗೆ ಹೊರಟರು, ಯಾವ ದಾರಿ ಕೊಟ್ಟಿದ್ದರು, ಕೊನೆಯ ಸಂದೇಶ ಎಲ್ಲಿಂದ ಬಂತು, ಎದುರು ಪಕ್ಷ ಅಂದು ಏನು ಹೇಳಿಕೊಂಡಿತು ಎಂಬ ನಾಲ್ಕು ವಿವರ ಪ್ರತಿ ಹೆಸರಿನ ಮುಂದೆ ಬರೆದು ಮನೆಯವರಿಗೆ ಕೊಟ್ಟರೆ ಯಾವ ದೇಶದ ಭದ್ರತೆಗೂ ಧಕ್ಕೆಯಿಲ್ಲ. ಕಾರ್ಗಿಲ್‌ಗೆ 25 ವರ್ಷ 2024ಕ್ಕೇ ತುಂಬಿದೆ. 1965, 1971ರ ಗಡುವು ಮುಗಿದು ದಶಕಗಳೇ ಆಗಿವೆ.