ನಮ್ಮ ತೆಪ್ಪ ದುಂಡಗೆ, ಕರಾವಳಿಯ ದೋಣಿ ಉದ್ದ. ಯಾಕೆ?

ಪ್ರಶ್ನೆ: ಹರಿಹರದ ಕಡೆ ಹೊಳೆ ದಾಟಿಸುವ ತೆಪ್ಪ ದುಂಡಗಿರುತ್ತದೆ. ಗೋಕರ್ಣದ ಹತ್ತಿರ ತದಡಿಯಲ್ಲಿ ನೋಡಿದರೆ ಉದ್ದನೆಯ ದೋಣಿ. ಎರಡೂ ಜನರನ್ನು ಆಚೆ ದಡಕ್ಕೆ ಬಿಡೋದೇ ಅಲ್ವಾ?

ದಾವಣಗೆರೆಯಿಂದ ಕರಾವಳಿಗೆ ಹೋಗಿ ಬಂದವರು ಇದನ್ನು ಕೇಳುತ್ತಲೇ ಇರುತ್ತಾರೆ. ಉತ್ತರ ಆಯಾ ಊರಿನ ನೀರಿನಲ್ಲೇ ಇದೆ.

ನಮ್ಮ ತುಂಗಭದ್ರೆಯಲ್ಲಿ ಬಂಡೆ ಜಾಸ್ತಿ. ಬೇಸಿಗೆಯಲ್ಲಿ ಕೆಲವು ಕಡೆ ಮೊಣಕಾಲುದ್ದ ನೀರೂ ಇರುವುದಿಲ್ಲ. ತಳ ಚೂಪಾದ ದೋಣಿ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಬುಟ್ಟಿಯಂಥ ತೆಪ್ಪದ ತಳ ಚಪ್ಪಟೆ, ಸ್ವಲ್ಪ ನೀರಿದ್ದರೂ ತೇಲುತ್ತದೆ. ಹಿಂದೆ ಬಿದಿರು ಹೆಣೆದು, ಹೊರಗೆ ಚರ್ಮ ಹೊದಿಸುತ್ತಿದ್ದರು. ಬಂಡೆಗೆ ಬಡಿದರೆ ಬಿದಿರು ಬಾಗುತ್ತದೆ, ಸುಲಭಕ್ಕೆ ಮುರಿಯುವುದಿಲ್ಲ. ಚಿಕ್ಕ ತೆಪ್ಪವಾದರೆ ಅಂಬಿಗ ಬೆನ್ನ ಮೇಲೆ ಹೊತ್ತು ಮನೆಗೆ ಒಯ್ಯಬಹುದು.

1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇದೇ ಹೊಳೆಯ ತೆಪ್ಪಗಳ ಬಗ್ಗೆ ಬರೆದಿಟ್ಟಿದ್ದಾನೆ. ಒಂದೊಂದರಲ್ಲಿ ಹದಿನೈದು ಇಪ್ಪತ್ತು ಜನ, ಬೇಕಾದರೆ ಕುದುರೆ, ಎತ್ತು ಕೂಡ. ಆದರೆ ನೇರ ಹೋಗದೆ ಸುತ್ತುತ್ತಲೇ ಇರುತ್ತವೆ ಎನ್ನುತ್ತಾನೆ. ಐನೂರು ವರ್ಷ ಕಳೆದರೂ ತೆಪ್ಪ ಹಾಗೇ ಸುತ್ತುತ್ತದೆ. ಅದನ್ನು ಓದಿದಾಗಲೆಲ್ಲ ನನಗೆ ಮೈ ಜುಂ ಎನ್ನುತ್ತದೆ.

ಈ ಸುತ್ತುವ ಗುಣವೇ ಕರಾವಳಿಯಲ್ಲಿ ತೊಂದರೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಕಡಲು ಸೇರುವ ಅಳಿವೆಗಳು ಬಲು ಅಗಲ. ದಿನಕ್ಕೆ ಎರಡು ಸಲ ಉಬ್ಬರದ ನೀರು ಒಳಕ್ಕೆ ನುಗ್ಗುತ್ತದೆ, ಎರಡು ಸಲ ಇಳಿತ ಕಡಲಿನತ್ತ ಎಳೆಯುತ್ತದೆ. ಜೊತೆಗೆ ಗಾಳಿ, ಅಲೆ. ಅಲ್ಲಿ ನೀರು ಸೀಳಿಕೊಂಡು ನೇರ ಹೋಗುವ ಉದ್ದ ದೋಣಿಯೇ ಬೇಕು. ಉಬ್ಬರದ ಹೊತ್ತೂ ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಲ್ಲಿನ ಅಂಬಿಗರಿಗೆ ಆ ಲೆಕ್ಕ ಬಾಯಿಪಾಠ.

ಹರಿಹರಕ್ಕೆ 1868ರಲ್ಲೇ ಸೇತುವೆ ಬಂತು. ಕರಾವಳಿಯಲ್ಲಿ ದೊಡ್ಡ ಅಳಿವೆಗಳಿಗೆ ಸೇತುವೆ ಆಗುವವರೆಗೆ, ಕಾರವಾರದಿಂದ ಮಂಗಳೂರಿಗೆ ಹೊರಟವರು ಹೊಳೆ ಸಿಕ್ಕಲ್ಲೆಲ್ಲ ಇಳಿದು ದೋಣಿ ಹತ್ತಬೇಕಿತ್ತು. ಸಂತೆ, ಶಾಲೆ, ಮದುವೆ, ಎಲ್ಲಕ್ಕೂ ಕಡವಿನ ದೋಣಿಯೇ ದಾರಿ. ತದಡಿಯಿಂದ ಅಘನಾಶಿನಿ ಊರಿಗೆ, ಮಂಗಳೂರಿನ ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ಈಗಲೂ ದೋಣಿ ಇದೆ. ಎದುರಿಗೇ ಕಾಣುವ ಊರಿಗೆ ಹೆದ್ದಾರಿ ಹಿಡಿದು ಸುತ್ತಿ ಹೋಗುವುದು ಸುಮ್ನೆ ದಂಡ.

ಮುಂದಿನ ಸಲ ತದಡಿಗೆ ಹೋದರೆ ದೋಣಿಯ ಮೂತಿ ಗಮನಿಸಿ. ಹೋಗಬೇಕಾದ್ದು ಎದುರಿನ ದಡಕ್ಕೇ ಆದರೂ, ಸೆಳೆತ ಜೋರಿದ್ದಾಗ ಅಂಬಿಗರು ಅದನ್ನು ಸ್ವಲ್ಪ ಸೆಳೆತಕ್ಕೆ ಎದುರಾಗಿ ತಿರುಗಿಸಿ ಹಿಡಿದಿರುತ್ತಾರೆ.