ಎಲ್ಟ್ಸ್ ಕೋಟೆಯ ಎಲಿವೇಶನ್ ಯಾರೂ ಬರೆದದ್ದಲ್ಲ

ಮನೆ ಕಟ್ಟಿಸುವವರು ಮೊಬೈಲಿನಲ್ಲಿ ಚಿತ್ರ ತೋರಿಸಿ ಇಂಥದೇ ಎಲಿವೇಶನ್, ಅಂದರೆ ಕಟ್ಟಡದ ಹೊರನೋಟ, ಬೇಕೆನ್ನುವುದು ಮನೆಗಳ ನಕ್ಷೆ ಬರೆಯುವ ನಮ್ಮ ವೃತ್ತಿಯಲ್ಲಿ ನಿತ್ಯದ ಮಾತು. ಆದರೆ ಆ ಚಿತ್ರ ಜರ್ಮನಿಯ ಎಲ್ಟ್ಸ್ ಕೋಟೆಯದಾಗಿದ್ದರೆ ನನ್ನ ತಾಳ್ಮೆ ಸ್ವಲ್ಪ ಬೇಗ ತೀರುತ್ತದೆ. ಮೊಸೆಲ್ ನದಿಯನ್ನು ಸೇರುವ ಸಣ್ಣ ಹೊಳೆಯೊಂದು ಮೂರು ಕಡೆ ಬಳಸಿಕೊಂಡು ಹರಿಯುವ, ಎಪ್ಪತ್ತು ಮೀಟರಿನಷ್ಟು ಎತ್ತರದ ಬಂಡೆಯ ಮೇಲಿರುವ ಈ ಕೋಟೆಯನ್ನು ಕಂಡವರು ಮೊದಲು ಕೇಳುವುದು, ಇದನ್ನು ಕಟ್ಟಿಸಿದ ರಾಜ ಯಾರು, ಯಾವ ಇಸವಿಯಲ್ಲಿ ಎಂದು. ಅಲ್ಲಿ ರಾಜನೂ ಇಲ್ಲ, ಹೇಳಬಹುದಾದ ಒಂದೇ ಇಸವಿಯೂ ಇಲ್ಲ. ಅದು ದಾಯಾದಿಗಳ ನಡುವೆ ಪಾಲಾದ ಮನೆ.

1157ರಲ್ಲಿ ಚಕ್ರವರ್ತಿ ಫ್ರೆಡ್ರಿಕ್ ಬಾರ್ಬರೋಸನ ದಾನಪತ್ರವೊಂದಕ್ಕೆ ಸಾಕ್ಷಿಯಾದವರಲ್ಲಿ ರುಡಾಲ್ಫ್ ಫಾನ್ ಎಲ್ಟ್ಸ್ ಎಂಬವನ ಹೆಸರಿದೆ. 1268ಕ್ಕೆ ಮೊದಲೇ ಎಲಿಯಾಸ್, ವಿಲ್ಹೆಲ್ಮ್, ಥಿಯೊಡರಿಕ್ ಎಂಬ ಅದೇ ಮನೆತನದ ಮೂವರು ಸಹೋದರರು ಕೋಟೆಯನ್ನೂ ಅದಕ್ಕೆ ಸೇರಿದ ಆಸ್ತಿಯನ್ನೂ ಹಂಚಿಕೊಂಡರು. ಹೆಬ್ಬಾಗಿಲು ಮತ್ತು ಅಂಗಳ ಎಲ್ಲರಿಗೂ ಸೇರಿದವಾಗಿ ಉಳಿದವು. ಜೊತೆಯಲ್ಲಿ ಬಾಳುವುದು ಹೇಗೆಂಬುದಕ್ಕೆ ಕರಾರುಪತ್ರಗಳಾದವು. ಮನೆಗಳು ಮಾತ್ರ ಬೇರೆ ಬೇರೆಯಾದವು. ಇದೊಂದು ಮಾತನ್ನು ನಾನು ಎಷ್ಟು ಸಲ ಹೇಳಿದರೂ ಕೇಳುವವರ ತಲೆಗೆ ಹತ್ತುವುದಿಲ್ಲವಾದ್ದರಿಂದ ಬಿಡಿಸಿ ಹೇಳುತ್ತೇನೆ. ಬಂಡೆ ಅಗಲವಾಗುವಂತಿಲ್ಲ, ಅಣ್ಣನ ಪಾಲಿನೊಳಗೆ ತಮ್ಮ ಗೋಡೆ ಎಬ್ಬಿಸುವಂತಿಲ್ಲ. ಸಂಸಾರ ಬೆಳೆದಾಗ ಉಳಿಯುವ ದಾರಿ ಎರಡೇ, ಮೇಲಕ್ಕೆ ಏರುವುದು ಇಲ್ಲವೇ ಗೋಡೆಯಿಂದ ಹೊರಕ್ಕೆ ಚಾಚುವುದು. ನೀವು ಮೆಚ್ಚುವ ಆ ಗೋಪುರಗಳ ಗುಂಪು ಹುಟ್ಟಿದ್ದು ಹೀಗೆ. ಬಂಡೆಯ ಅಂಚು ತಿರುಗಿದ ಕಡೆ ಗೋಡೆಯೂ ತಿರುಗಿದೆ, ಕೋಣೆಗಳು ಸೊಟ್ಟಗಾಗಿವೆ. ಹೀಗೆ ಕವಲೊಡೆದ ಮನೆತನದ ರೂಬೆನಾಖ್ ಶಾಖೆಯ ಮನೆ ಮುಗಿದದ್ದು 1472ರಲ್ಲಿ. ರೋಡೆನ್‌ಡಾರ್ಫ್ ಮನೆಯ ಕೆಲಸ 16ನೇ ಶತಮಾನಕ್ಕೆ ದಾಟಿತು. ಕೆಂಪೆನಿಖ್ ಮನೆ 17ನೇ ಶತಮಾನದ್ದು. ಹಳೆಯ ಪ್ಲಾಟ್‌ಎಲ್ಟ್ಸ್ ಗೋಪುರವಂತೂ ಇವೆಲ್ಲಕ್ಕಿಂತ ಹಿಂದಿನದು.

ಕೆಳಗೆ ದಪ್ಪ ಕಲ್ಲು, ಮೇಲೆ ಮರದ ಚೌಕಟ್ಟಿನ ಹಗುರ ಗೋಡೆ ಇರುವುದಕ್ಕೂ ಅಲಂಕಾರದ ಆಸೆ ಕಾರಣವಲ್ಲ. ಹೊರಕ್ಕೆ ಚಾಚಿದ ಭಾಗವನ್ನು ಕಲ್ಲಿನಲ್ಲಿ ಕಟ್ಟಿದರೆ ಅದರ ಭಾರವನ್ನು ಕೆಳಗಿನ ಹಳೆಯ ಗೋಡೆ ಹೊರಬೇಕಲ್ಲ! 1331ರಲ್ಲಿ ಟ್ರಿಯರ್‌ನ ಆರ್ಚ್‌ಬಿಷಪ್ ಬಾಲ್ಡುಯಿನ್ ಎದುರುಗುಡ್ಡದಲ್ಲೇ ಮುತ್ತಿಗೆಯ ಕೋಟೆ ಕಟ್ಟಿ, ಕವಣೆಯಂತ್ರಗಳಿಂದ ಕಲ್ಲುಗುಂಡು ಎಸೆಸಿದ. 1336ರಲ್ಲಿ ಎಲ್ಟ್ಸ್ ಮನೆತನ ಅವನಿಗೆ ಮಣಿದ ಮೇಲೆ ಕಟ್ಟಿದ್ದರಲ್ಲಿ ಯುದ್ಧಕ್ಕಿಂತ ವಾಸದ ಅನುಕೂಲವೇ ಹೆಚ್ಚಾಗಿ ಕಾಣುತ್ತದೆ. ಇದು ಜರ್ಮನಿಯ ಎಲ್ಲ ಕೋಟೆಗಳಿಗೂ ಅನ್ವಯಿಸುವ ಸೂತ್ರವೆಂದು ದಯವಿಟ್ಟು ತಿಳಿಯಬೇಡಿ.

ಮಗನ ಮನೆಗೆಂದು ಜರ್ಮನಿಗೆ ಹೋಗಿ ಬಂದ ನಿವೃತ್ತ ಮೇಷ್ಟರೊಬ್ಬರು, ಬಹಳ ಒಳ್ಳೆಯ ಮನುಷ್ಯರು, ತಮ್ಮ ಮೂವತ್ತು-ನಲವತ್ತರ ಸೈಟಿನಲ್ಲಿ ಎರಡನೇ ಮಹಡಿಯ ಗೋಡೆಯಿಂದ ಹೊರಚಾಚಿದ ಗೂಡು ಬೇಕೆಂದು ಹಟ ಹಿಡಿದರು. ಅದರೊಳಗೆ ಏನಿರುತ್ತದೆ ಎಂದು ಕೇಳಿದೆ. "ಒಳಗೇನೂ ಬೇಡ, ಹೊರಗಿನಿಂದ ಕಂಡರೆ ಸಾಕು" ಎಂದರು. ಅವರು ತೋರಿಸಿದ್ದು ರೂಬೆನಾಖ್ ಮನೆಯ ಮಲಗುವ ಕೋಣೆಗೆ ಅಂಟಿಕೊಂಡ ಪುಟ್ಟ ಪ್ರಾರ್ಥನಾ ಮಂದಿರದ ಗೂಡನ್ನು. ದೇವರ ಪೀಠದ ಮೇಲೆ ಮನುಷ್ಯರು ವಾಸಿಸುವ ಕೋಣೆ ಬರಬಾರದೆಂಬ ನಿಯಮಕ್ಕಾಗಿ, ಪೀಠವನ್ನೇ ಗೋಡೆಯಿಂದ ಆಚೆಗೆ ಸರಿಸಿ ಕಟ್ಟಿದ ಜಾಗ ಅದು. ಇಷ್ಟು ಹೇಳಿದ ಮೇಲೆ ಮೇಷ್ಟರು ಗೂಡನ್ನು ಬಿಡಲಿಲ್ಲ, ಆದರೆ ಅದರಲ್ಲಿ ದೇವರಕೋಣೆ ಮಾಡಿಕೊಡಿ ಎಂದರು. ಅದಕ್ಕೆ ನನ್ನ ತಕರಾರೇನೂ ಇರಲಿಲ್ಲ.

ಹೊರನೋಟವನ್ನೇ ಮೊದಲು ಬರೆದು ಕಟ್ಟಿದ ಕೋಟೆ ಬೇಕೆನ್ನುವವರಿಗೆ ನೊಯ್‌ಶ್ವಾನ್‌ಸ್ಟೈನ್ ಇದೆ. ಬವೇರಿಯಾದ ರಾಜ ಎರಡನೇ ಲುಡ್ವಿಗ್ ಅದನ್ನು 1869ರಲ್ಲಿ ಆರಂಭಿಸಿದ್ದು ರಂಗಸಜ್ಜಿಕೆಯ ಕಲಾವಿದ ಕ್ರಿಸ್ಟಿಯಾನ್ ಯಾಂಕ್ ಬರೆದ ಚಿತ್ರಗಳನ್ನು ಹಿಡಿದುಕೊಂಡು. ಅದು ಮಧ್ಯಯುಗದ್ದೇ ಅಲ್ಲ. ಅದೇ ಶತಮಾನದಲ್ಲಿ, 1845ರಿಂದ 1888ರವರೆಗೆ, ಕೌಂಟ್ ಕಾರ್ಲ್ ಎಲ್ಟ್ಸ್ ಕೋಟೆಯನ್ನು ದುರಸ್ತಿ ಮಾಡಿಸಿದ. ಹಳೆಯ ಕೋಟೆಗಳನ್ನು ಮನಸ್ಸಿಗೆ ಬಂದಂತೆ ಹೊಸದಾಗಿ ಕಟ್ಟುವ ಗೀಳು ರೈನ್ ದಂಡೆಯುದ್ದಕ್ಕೂ ಹಬ್ಬಿದ್ದ ಕಾಲದಲ್ಲಿ, ಆತ ದಾಯಾದಿಗಳ ಆ ಸೊಟ್ಟ ಗೋಡೆಗಳನ್ನು ನೇರಮಾಡುವ ಗೋಜಿಗೆ ಹೋಗಲಿಲ್ಲ.