ತೂರಾಡುವ ಕೋಳಿ ಮರಿ: ಕಾಯಿಲೆ ಗುರುತಿಸುವ ಟಿಪ್ಪಣಿ

ಪಠ್ಯಪುಸ್ತಕಗಳು ಕೋಳಿ ಮರಿಯ ಕಾಯಿಲೆಗಳನ್ನು ಕಾರಣದ ಪ್ರಕಾರ ಜೋಡಿಸುತ್ತವೆ: ವೈರಸ್, ಬ್ಯಾಕ್ಟೀರಿಯಾ, ಪರೋಪಜೀವಿ, ಪೋಷಕಾಂಶದ ಕೊರತೆ. ಗೂಡಿನ ಮುಂದೆ ಕುಳಿತವರಿಗೆ ಕಾರಣ ಕಾಣುವುದಿಲ್ಲ. ಕಾಣುವುದು ಇಷ್ಟೇ: ಮರಿ ನಿಲ್ಲಲಾರದೆ ತೂರಾಡುತ್ತಿದೆ, ಒಂದು ಮಗ್ಗುಲಿಗೆ ಬೀಳುತ್ತಿದೆ. ಆದ್ದರಿಂದ ಈ ಟಿಪ್ಪಣಿಯನ್ನು ಕಣ್ಣಿಗೆ ಬೀಳುವ ಲಕ್ಷಣದಿಂದ ಶುರುಮಾಡಿ ಕಾರಣದ ಕಡೆಗೆ ಬರೆದುಕೊಂಡಿದ್ದೇನೆ. ಹಿತ್ತಲಲ್ಲಿ ನಾಟಿ, ಗಿರಿರಾಜ ಅಥವಾ ಸ್ವರ್ಣಧಾರ ಮರಿಗಳನ್ನು ಸಾಕುವವರಿಗೆ ಇದು ಹೆಚ್ಚು ಹೊಂದುತ್ತದೆ. ಸಾವಿರಾರು ಬ್ರಾಯ್ಲರ್ ಇರುವ ಶೆಡ್ಡಿನ ಲೆಕ್ಕ ಬೇರೆ.

ಮೊದಲು ಕಾವು

ಚಳಿ ಹಿಡಿದ ಮರಿಯೂ ತೂರಾಡುತ್ತದೆ, ಕಣ್ಣು ಮುಚ್ಚಿ ತೂಕಡಿಸುತ್ತದೆ. ಹೀಗಾಗಿ ಕಾವು ಸರಿಯಿದೆ ಎಂದು ಖಚಿತವಾಗುವ ತನಕ ಯಾವ ರೋಗದ ಹೆಸರನ್ನೂ ಎತ್ತಬಾರದು. ಮೊದಲ ವಾರ ದೀಪದ ಕೆಳಗೆ, ಮರಿಯ ಬೆನ್ನಿನ ಎತ್ತರದಲ್ಲಿ ಸುಮಾರು 35 ಡಿಗ್ರಿ ಸೆಲ್ಸಿಯಸ್ ಇರಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಬರಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಮರಿಗಳೇ ಹೇಳುತ್ತವೆ. ದೀಪದ ಕೆಳಗೆ ಒಂದರ ಮೇಲೊಂದು ಬಿದ್ದು ಕಿರುಚಿದರೆ ಕಾವು ಸಾಲದು. ಅಂಚಿಗೆ ಸರಿದು, ರೆಕ್ಕೆ ಬಿಚ್ಚಿ, ಬಾಯಿ ತೆರೆದು ಏದುಸಿರು ಬಿಟ್ಟರೆ ಹೆಚ್ಚಾಗಿದೆ. ಎಲ್ಲವೂ ಒಂದೇ ಮೂಲೆಗೆ ಒತ್ತಿಕೊಂಡರೆ ಎಲ್ಲಿಂದಲೋ ಗಾಳಿ ಬೀಸುತ್ತಿದೆ.

ಸೋತ ಮರಿಯ ಪಾದವನ್ನು ಕೆನ್ನೆಗೆ ಮುಟ್ಟಿಸಿ ನೋಡಿ. ತಣ್ಣಗಿದ್ದರೆ ಮೊದಲು ಬೆಚ್ಚಗೆ ಮಾಡಬೇಕು, ಆಮೇಲೆ ನೀರು, ಕೊನೆಗೆ ಆಹಾರ. ಈ ಕ್ರಮ ತಪ್ಪಬಾರದು. ಮೈ ತಣ್ಣಗಿರುವಾಗ ಬಾಯಿಗೆ ತುರುಕಿದ್ದು ಜೀರ್ಣವಾಗದೆ ಮೇವಿನ ಚೀಲದಲ್ಲೇ ಉಳಿಯುತ್ತದೆ. ಬೆಚ್ಚಗಾದ ಮೇಲೆ ಬೆಲ್ಲ ಕದಡಿದ ಉಗುರುಬೆಚ್ಚಗಿನ ನೀರನ್ನು ಕೊಕ್ಕಿನ ಪಕ್ಕಕ್ಕೆ ಒಂದೊಂದೇ ಹನಿ ಸವರಿ, ಮರಿ ತಾನಾಗಿ ನುಂಗಲಿ. ನೇರವಾಗಿ ಗಂಟಲಿಗೆ ಸುರಿದರೆ ಶ್ವಾಸನಾಳಕ್ಕೆ ಹೋಗುತ್ತದೆ. ಮಲದ್ವಾರಕ್ಕೆ ಹಿಕ್ಕೆ ಮೆತ್ತಿ ಗಟ್ಟಿಯಾಗಿದ್ದರೆ ಬಿಸಿನೀರಿನ ಬಟ್ಟೆಯಿಂದ ನೆನೆಸಿ ತೆಗೆಯಬೇಕು, ಒಣಗಿದ್ದನ್ನು ಕಿತ್ತರೆ ಚರ್ಮವೇ ಕಿತ್ತುಬರುತ್ತದೆ.

ವಯಸ್ಸು

ಕಾವು ಸರಿಯಿದ್ದೂ ಮರಿ ಬೀಳುತ್ತಿದ್ದರೆ, ನಂತರದ ಪ್ರಶ್ನೆ ವಯಸ್ಸಿನದು. ಮೊದಲ ಮೂರು ದಿನಗಳಲ್ಲಿ ಕಾಲು ಅಗಲಿಸಿಕೊಳ್ಳುವುದು, ಹೊಕ್ಕುಳಿನ ಸೋಂಕು ಮತ್ತು ನೀರು ಸಾಲದೆ ಬಳಲುವುದು ಮುಖ್ಯ. ಒಂದರಿಂದ ಮೂರು ವಾರದೊಳಗೆ ತಲೆ, ಕುತ್ತಿಗೆ ಸಣ್ಣಗೆ ನಡುಗಿದರೆ ಏವಿಯನ್ ಎನ್ಸೆಫಲೋಮೈಲೈಟಿಸ್ ಎಂಬ ವೈರಸ್ ಕಾಯಿಲೆಯನ್ನು ಶಂಕಿಸಬೇಕು. ಇದು ತಾಯಿಯಿಂದ ಮೊಟ್ಟೆಯ ಮೂಲಕವೂ ಬರುತ್ತದೆ. ಮರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದಾಗ, ಕಣ್ಣಿಗೆ ಕಾಣದ ನಡುಕವೂ ಕೈಗೆ ತಿಳಿಯುತ್ತದೆ. ಎರಡರಿಂದ ಐದು ವಾರದೊಳಗೆ ವಿಟಮಿನ್ ಇ ಕೊರತೆ, ಮೂಳೆ ಮೆತ್ತಗಾಗುವ ರಿಕೆಟ್ಸ್. ಮೂರು ವಾರ ದಾಟಿದ ಮೇಲೆ ರಕ್ತಭೇದಿ ತರುವ ಕಾಕ್ಸಿಡಿಯೋಸಿಸ್. ಒಂದು ಕಾಲು ಮುಂದಕ್ಕೆ, ಒಂದು ಕಾಲು ಹಿಂದಕ್ಕೆ ಚಾಚಿ ಮಲಗುವ ಮಾರೆಕ್ಸ್ ಕಾಯಿಲೆ ಸಾಮಾನ್ಯವಾಗಿ ಆರು ವಾರದ ನಂತರದ್ದು. ಹತ್ತು ದಿನದ ಮರಿ ಹಾಗೆ ಮಲಗಿದ ಮಾತ್ರಕ್ಕೆ ಮಾರೆಕ್ಸ್ ಎಂದು ಹೆದರಬೇಕಿಲ್ಲ. ಕೊಕ್ಕರೆ ರೋಗಕ್ಕೆ, ಅಂದರೆ ರಾಣಿಖೇತ್‌ಗೆ ಮಾತ್ರ ವಯಸ್ಸಿನ ಕಟ್ಟಿಲ್ಲ.

ಕಾಲು: ನಾವು ನೋಡುವುದು ಮಂಡಿಯಲ್ಲ

ಇಲ್ಲಿ ನಾನು ಬಹಳ ಹೊತ್ತು ಸಿಕ್ಕಿಕೊಂಡಿದ್ದೆ, ಆದ್ದರಿಂದ ನಿಧಾನವಾಗಿ ಬರೆಯುತ್ತೇನೆ. ಪುಸ್ತಕದಲ್ಲಿ 'ಮರಿ ಹಾಕ್ ಕೀಲಿನ ಮೇಲೆ ಕೂರುತ್ತದೆ' ಎಂದು ಮೂರು ಕಾಯಿಲೆಗಳಿಗೆ ಬರೆದಿರುತ್ತಾರೆ. ಹಾಗಿದ್ದ ಮೇಲೆ ಮೂರನ್ನೂ ಬೇರ್ಪಡಿಸುವುದು ಹೇಗೆ?

ಕೋಳಿಯ ಕಾಲಿನಲ್ಲಿ ಹಿಂದಕ್ಕೆ ಮಡಚಿದಂತೆ ಕಾಣುವ, ಪುಕ್ಕ ಮುಗಿದು ಹುರುಪೆ ಶುರುವಾಗುವ ಜಾಗದ ಕೀಲನ್ನು ನಾವು ಮಂಡಿ ಎಂದುಕೊಳ್ಳುತ್ತೇವೆ. ನಿಜವಾದ ಮಂಡಿ ಅದಕ್ಕಿಂತ ಮೇಲೆ, ಹೊಟ್ಟೆಯ ಪಕ್ಕದಲ್ಲಿ, ಪುಕ್ಕದೊಳಗೆ ಅಡಗಿದೆ. ಅದು ನಮ್ಮ ಮಂಡಿಯ ಹಾಗೆಯೇ ಮಡಚುತ್ತದೆ. ಹೊರಗೆ ಕಾಣುವ ಕೀಲೇ ಹಾಕ್, ಅದು ನಮ್ಮ ಹಿಮ್ಮಡಿಗೆ ಸಮ. ಅದರ ಕೆಳಗಿನ ಉದ್ದನೆಯ ಭಾಗ ನಮ್ಮ ಅಂಗಾಲಿಗೆ ಸಮ. ಕೋಳಿ ಜೀವನವಿಡೀ ತುದಿಗಾಲಿನಲ್ಲೇ ನಡೆಯುತ್ತದೆ. ಹಾಕ್ ಎಂದರೆ ಹಿಮ್ಮಡಿ ಎಂದು ಒಮ್ಮೆ ಮನಸ್ಸಿಗೆ ಹೋದರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ. ನಮ್ಮ ಹಿಮ್ಮಡಿಯ ಹಿಂದೆ ದಪ್ಪ ಸ್ನಾಯುರಜ್ಜು ಇರುವಂತೆ ಮರಿಗೂ ಇದೆ, ಅದು ಆ ಕೀಲಿನ ಹಿಂಬದಿಯ ಒಂದು ತೋಡಿನಲ್ಲಿ ಕೂತಿರುತ್ತದೆ.

ಈಗ ಮರಿಯನ್ನು ಮಗ್ಗುಲಾಗಿ ಹಿಡಿದು ಹೆಬ್ಬೆರಳಿನಿಂದ ಆ ಕೀಲಿನ ಹಿಂಬದಿಯನ್ನು ಸವರಿ. ಕೀಲು ಊದಿ ಚಪ್ಪಟೆಯಾಗಿ, ರಜ್ಜು ತೋಡಿನಿಂದ ಪಕ್ಕಕ್ಕೆ ಜಾರಿ, ಅದರ ಕೆಳಗಿನ ಕಾಲು ಹೊರಕ್ಕೋ ಒಳಕ್ಕೋ ತಿರುಚಿಕೊಂಡಿದ್ದರೆ ಅದು ಪೆರೋಸಿಸ್. ಮ್ಯಾಂಗನೀಸ್, ಕೋಲಿನ್, ಬಯೋಟಿನ್ ಕೊರತೆಯಿಂದ ಬರುತ್ತದೆ. ಆಹಾರದಲ್ಲಿ ಸುಣ್ಣ ಮತ್ತು ರಂಜಕ ಅತಿಯಾದರೆ ಉಲ್ಬಣಿಸುತ್ತದೆ. ಮೊಟ್ಟೆ ಇಡುವ ಕೋಳಿಯ ಆಹಾರವನ್ನು ಮರಿಗಳಿಗೆ ಹಾಕಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ. ರಜ್ಜು ಪೂರ್ತಿ ಜಾರಿದ ಮೇಲೆ ಮ್ಯಾಂಗನೀಸ್ ಕೊಟ್ಟರೆ ಆ ಮರಿಯ ಕಾಲು ನೆಟ್ಟಗಾಗುವುದಿಲ್ಲ, ಉಳಿದ ಮರಿಗಳು ಬಚಾವಾಗುತ್ತವೆ.

ಕೀಲು ಸರಿಯಾಗಿದ್ದು ಬೆರಳುಗಳು ಒಳಕ್ಕೆ ಮುಷ್ಟಿ ಕಟ್ಟಿದಂತೆ ಸುರುಳಿಯಾಗಿದ್ದರೆ ಅದು ರೈಬೋಫ್ಲೇವಿನ್, ಅಂದರೆ ವಿಟಮಿನ್ ಬಿ2 ಕೊರತೆ. ಇಲ್ಲಿ ಕೆಟ್ಟಿರುವುದು ಕಾಲಿಗೆ ಹೋಗುವ ನರ. ಮರಿ ಚುರುಕಾಗಿಯೇ ಇರುತ್ತದೆ, ಹಸಿವೂ ಇರುತ್ತದೆ, ಆದರೆ ಹಿಮ್ಮಡಿಯ ಮೇಲೆ ತೆವಳುತ್ತಾ ರೆಕ್ಕೆಯ ಆಸರೆ ಪಡೆಯುತ್ತದೆ. ಬೇಗ ಬಿ ಕಾಂಪ್ಲೆಕ್ಸ್ ಕೊಟ್ಟರೆ ಚೇತರಿಸಿಕೊಳ್ಳುತ್ತದೆ, ತಡವಾದರೆ ನರದ ಹಾನಿ ಹಾಗೇ ಉಳಿಯುತ್ತದೆ.

ಕೀಲು, ಬೆರಳು ಎರಡೂ ಸರಿಯಾಗಿದ್ದು ಕೊಕ್ಕನ್ನು ಮೆಲ್ಲಗೆ ಒತ್ತಿದಾಗ ರಬ್ಬರಿನಂತೆ ಬಾಗಿದರೆ ಅದು ರಿಕೆಟ್ಸ್. ವಿಟಮಿನ್ ಡಿ, ಸುಣ್ಣ, ರಂಜಕ ಈ ಮೂರರಲ್ಲಿ ಯಾವುದೋ ಒಂದರ ಕೊರತೆ ಅಥವಾ ಅವುಗಳ ಅನುಪಾತದ ದೋಷ. ಬೆಳಗಿನ ಎಳೆಬಿಸಿಲು ಔಷಧದಷ್ಟೇ ಮುಖ್ಯ.

ಕಾಲು ಅಗಲಿಸಿದ ಎಳೆಮರಿಯದು ಸುಲಭದ ಲೆಕ್ಕ. ನುಣುಪು ಪೇಪರಿನ ಮೇಲೆ ಬಿಟ್ಟರೆ ಕಾಲು ಜಾರಿ ಹೀಗಾಗುತ್ತದೆ. ಗೋಣಿತಾಟು ಅಥವಾ ಭತ್ತದ ಹೊಟ್ಟು ಹಾಸಿ, ಎರಡೂ ಕಾಲುಗಳನ್ನು ನಿಂತಾಗಿನ ಸಹಜ ಅಂತರದಲ್ಲಿ ಮೆತ್ತನೆಯ ಪಟ್ಟಿಯಿಂದ ಕಟ್ಟಿದರೆ ಕೆಲವು ದಿನಗಳಲ್ಲಿ ನಿಲ್ಲುತ್ತದೆ. ಹುಟ್ಟಿದ ಎರಡು ಮೂರು ದಿನದೊಳಗೆ ಕಟ್ಟಬೇಕು.

ಗೋಣು

ತಲೆ ನೇರವಾಗಿ ಹಿಂದಕ್ಕೆ ಬಾಗಿ ಆಕಾಶ ನೋಡುತ್ತಿದ್ದರೆ ವಿಟಮಿನ್ ಬಿ1 ಕೊರತೆ. ಗೋಣು ಪಕ್ಕಕ್ಕೆ ತಿರುಚಿಕೊಂಡು, ಜೊತೆಗೆ ಹಸಿರು ಭೇದಿ, ಉಸಿರಾಟದ ಕಷ್ಟ, ಒಂದರ ಹಿಂದೊಂದು ಸಾವು ಇದ್ದರೆ ಕೊಕ್ಕರೆ ರೋಗ. ಇದಕ್ಕೆ ಔಷಧವಿಲ್ಲ, ಮೊದಲ ವಾರದಲ್ಲಿ ಕಣ್ಣು ಅಥವಾ ಮೂಗಿಗೆ ಹಾಕುವ ಲಸಿಕೆಯ ಹನಿಯೇ ರಕ್ಷೆ. ಗೋಣು ಬಟ್ಟೆಯಂತೆ ಜೋತುಬಿದ್ದು ಬಲವೇ ಇಲ್ಲದಿದ್ದರೆ, ಕೊಳೆತ ಹೆಣ ಅಥವಾ ಅದರ ಹುಳು ತಿಂದು ಬರುವ ಬೊಟುಲಿಸಂ ಇರಬಹುದು. ತಲೆ ಕೆಳಗೆ ಹೋಗಿ, ಸುತ್ತು ತಿರುಗಿ, ಮಗುಚಿ ಬಿದ್ದು ಕಾಲು ಒದರಿದರೆ ವಿಟಮಿನ್ ಇ ಕೊರತೆಯಿಂದ ಕಿರುಮೆದುಳು ಹಾಳಾಗಿರುವ ಸಾಧ್ಯತೆ ಹೆಚ್ಚು.

ನುಚ್ಚು, ತೌಡು ಮತ್ತು ಜಾವಾದ ಕೋಳಿಗಳು

ಪೋಷಕಾಂಶದ ಪಾಠದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ ಜಾವಾದ ಬಟಾವಿಯಾದಲ್ಲಿ (ಇಂದಿನ ಜಕಾರ್ತ), ಮನುಷ್ಯರ ನರಗಳನ್ನು ಸೊರಗಿಸುವ ಬೆರಿಬೆರಿ ಕಾಯಿಲೆಗೆ ರೋಗಾಣು ಹುಡುಕುತ್ತಿದ್ದರು. ಪ್ರಯೋಗಾಲಯದ ಕೋಳಿಗಳು ಇದ್ದಕ್ಕಿದ್ದಂತೆ ತೂರಾಡಿ ಬೀಳತೊಡಗಿದವು, ಕೆಲವು ತಿಂಗಳ ನಂತರ ತಾವಾಗಿಯೇ ಗುಣವಾದವು. ವಿಚಾರಿಸಿದಾಗ ತಿಳಿದದ್ದು, ಕಾಯಿಲೆ ಬಿದ್ದಾಗ ಅವಕ್ಕೆ ಮಿಲಿಟರಿ ಆಸ್ಪತ್ರೆಯ ಅಡುಗೆಮನೆಯಿಂದ ಪಾಲಿಶ್ ಅಕ್ಕಿಯ ಅನ್ನ ಬರುತ್ತಿತ್ತು. ಹೊಸದಾಗಿ ಬಂದ ಅಡುಗೆಯವನು ಸೈನಿಕರ ಅನ್ನವನ್ನು ಕೋಳಿಗಳಿಗೆ ಕೊಡಲು ಒಪ್ಪದೆ ನಿಲ್ಲಿಸಿದ್ದ. ಅಕ್ಕಿಯಲ್ಲಿ ಏನೋ ವಿಷವಿದೆ ಎಂದು ಐಕ್‌ಮನ್ ಮೊದಲು ಭಾವಿಸಿದರು. ವಿಷ ಇರುವುದಲ್ಲ, ಏನೋ ಒಂದು ಇಲ್ಲದಿರುವುದು ಎಂದು 1901ರಲ್ಲಿ ಹೇಳಿದವರು ಅವರ ನಂತರ ಆ ಕೆಲಸ ಮುಂದುವರಿಸಿದ ಗೆರಿಟ್ ಗ್ರೈನ್ಸ್. ಆ ಇಲ್ಲದ ವಸ್ತು ಬಿ1, ತೌಡಿನ ಜೊತೆ ಹೊರಟುಹೋಗುವಂಥದ್ದು. ಐಕ್‌ಮನ್ ಅವರಿಗೆ 1929ರಲ್ಲಿ ನೊಬೆಲ್ ಸಂದಿತು.

ನಮ್ಮ ಮನೆಗಳಲ್ಲಿ ಮರಿಗಳಿಗೆ ಮೊದಲು ಎರಚುವುದೇ ಪಾಲಿಶ್ ಅಕ್ಕಿಯ ನುಚ್ಚು. ಅದೊಂದನ್ನೇ ಹಾಕುತ್ತಾ ಹೋದರೆ ಬಟಾವಿಯಾದ ಪ್ರಯೋಗವನ್ನೇ ಹಿತ್ತಲಲ್ಲಿ ಮತ್ತೆ ಮಾಡಿದಂತೆ. ನುಚ್ಚಿನಲ್ಲಿ ಬಿ2 ಕೂಡ ಕಡಿಮೆ. ತೌಡು ಬೆರೆಸಿದರೆ ಬಿ1 ಸಿಗುತ್ತದೆ, ಮ್ಯಾಂಗನೀಸ್ ಕೂಡ ಸಿಗುತ್ತದೆ. ಆದರೆ ತೌಡಿನಲ್ಲಿ ಎಣ್ಣೆಯಂಶ ಹೆಚ್ಚು, ಬೇಗ ಕಮಟುತ್ತದೆ. ಕಮಟಿದ ಎಣ್ಣೆ ವಿಟಮಿನ್ ಇಯನ್ನು ನಾಶಮಾಡುತ್ತದೆ. ಒಂದು ಕೊರತೆ ನೀಗಿಸಲು ತಂದ ತೌಡು ಹಳೆಯದಾದರೆ ಇನ್ನೊಂದು ಕೊರತೆಯನ್ನು ಹುಟ್ಟಿಸುತ್ತದೆ. ಮಿಲ್ಲಿನಿಂದ ಹೊಸ ತೌಡನ್ನು ಸ್ವಲ್ಪ ಸ್ವಲ್ಪವೇ ತನ್ನಿ, ಮೂಗಿಗೆ ಹಿಡಿದು ನೋಡಿ. ಮೊದಲ ವಾರಗಳಿಗೆ ಮರಿಗಳಿಗೆಂದೇ ಮಾಡಿದ ಸ್ಟಾರ್ಟರ್ ಆಹಾರ ಹಾಕುವುದೇ ಒಳ್ಳೆಯದು ಎಂಬುದು ನನ್ನ ದೃಢ ಅಭಿಪ್ರಾಯ.

ಬೂಷ್ಟು ಹಿಡಿದ ಮೆಕ್ಕೆಜೋಳ, ಕಡಲೆಕಾಯಿ ಹಿಂಡಿಯನ್ನೂ ದೂರ ಇಡಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಮರಿಗಳು ಸತ್ತದ್ದು ಬೂಷ್ಟು ಬೆಳೆದ ಕಡಲೆಕಾಯಿ ಹಿಂಡಿಯಿಂದ. ಬೂಷ್ಟಿನ ವಿಷವಾದ ಅಫ್ಲಾಟಾಕ್ಸಿನ್ ಪತ್ತೆಯಾದದ್ದು ಆ ಸಾವುಗಳ ಬೆನ್ನುಹತ್ತಿದಾಗ.

ಔಷಧವೇ ಬಿ1ಗೆ ಅಡ್ಡ ಬರುವಾಗ

ಮೂರ‍್ನಾಲ್ಕು ವಾರದ ಮರಿ ಪುಕ್ಕ ಕೆದರಿಕೊಂಡು ಕೂತು ರಕ್ತದ ಹಿಕ್ಕೆ ಹಾಕಿದರೆ ಕಾಕ್ಸಿಡಿಯೋಸಿಸ್ ಎಂದು ಆಂಪ್ರೋಲಿಯಂ ಎಂಬ ಔಷಧ ಕೊಡುತ್ತಾರೆ. ಇದರ ರಚನೆ ಬಿ1 ಅನ್ನು ಹೋಲುತ್ತದೆ. ಕಾಕ್ಸಿಡಿಯಾ ಜೀವಿಗೆ ಬಿ1 ಸಿಗದಂತೆ ತಡೆದು ಅದನ್ನು ಸೊರಗಿಸುವುದೇ ಇದರ ಕೆಲಸ. ಆದ್ದರಿಂದ ಚಿಕಿತ್ಸೆ ನಡೆಯುವಾಗ 'ಶಕ್ತಿ ಬರಲಿ' ಎಂದು ಬಿ1 ಇರುವ ಟಾನಿಕ್ ಸೇರಿಸಿದರೆ ಔಷಧದ ಬಲ ಕುಗ್ಗುತ್ತದೆ. ಹಾಗೆಂದು ಪ್ರಮಾಣ ಅಥವಾ ಅವಧಿ ಮೀರಿ ಕೊಟ್ಟರೆ ಮರಿಗೇ ಬಿ1 ಕೊರತೆಯಾಗಿ ಗೋಣು ಹಿಂದಕ್ಕೆ ಹೋಗುತ್ತದೆ. ಚೀಟಿಯಲ್ಲಿರುವಷ್ಟು ದಿನ ಔಷಧ, ಅದು ಮುಗಿದ ಮೇಲೆ ವಿಟಮಿನ್. ಆಕಾಶ ನೋಡುವ ಮರಿ ಸಿಕ್ಕಾಗ 'ಇತ್ತೀಚೆಗೆ ರಕ್ತಭೇದಿಗೆ ಏನಾದರೂ ಕೊಟ್ಟಿರಾ?' ಎಂದು ಕೇಳುವುದನ್ನು ಮರೆಯಬಾರದು. ಬಿ1 ಕೊರತೆಯಾದ ಮರಿಗೆ ಹಸಿವೇ ಸತ್ತಿರುತ್ತದೆ, ಆಹಾರದಲ್ಲಿ ಬೆರೆಸಿದರೆ ತಿನ್ನುವುದಿಲ್ಲ. ಹನಿಯಾಗಿ ಬಾಯಿಗೆ ಅಥವಾ ಪಶುವೈದ್ಯರಿಂದ ಚುಚ್ಚುಮದ್ದಾಗಿ ಕೊಟ್ಟರೆ ಕೆಲವೇ ಗಂಟೆಗಳಲ್ಲಿ ತಲೆ ಎತ್ತಿ ನಿಲ್ಲಬಹುದು. ಹೀಗೆ ಬೇಗ ಗುಣವಾದದ್ದೇ ಅದು ಬಿ1 ಕೊರತೆ ಎಂಬುದಕ್ಕೆ ಒಳ್ಳೆಯ ಪುರಾವೆ.

ಬಿದ್ದ ಮರಿಯನ್ನು ಬೇರೆ ಪೆಟ್ಟಿಗೆಯಲ್ಲಿ ಇಡಿ, ಇಲ್ಲದಿದ್ದರೆ ಉಳಿದವು ತುಳಿಯುತ್ತವೆ. ಒಂದು ಮರಿ ಮಾತ್ರ ಬಿದ್ದಿದ್ದರೆ ಮನೆಯಲ್ಲೇ ಆರೈಕೆ ಮಾಡಿ ನೋಡಬಹುದು. ಒಂದೇ ದಿನ ಹಲವು ಬಿದ್ದರೆ ಅಥವಾ ಸತ್ತರೆ ಪಶುವೈದ್ಯರಿಗೆ ತಿಳಿಸಿ, ಆಗಷ್ಟೇ ಸತ್ತ ಮರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮಂಜುಗಡ್ಡೆಯ ಜೊತೆ ಪರೀಕ್ಷೆಗೆ ಕಳಿಸಬೇಕು. ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಿದರೆ ಅಂಗಾಂಶ ಒಡೆದು ಸೂಕ್ಷ್ಮದರ್ಶಕದಲ್ಲಿ ಏನೂ ಸರಿಯಾಗಿ ಕಾಣುವುದಿಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯಲ್ಲಿ ರೋಗಪತ್ತೆಯ ವ್ಯವಸ್ಥೆ ಇದೆ. ಚೀಲದ ಜೊತೆ ಒಂದು ಚೀಟಿ ಇಡಿ: ಮರಿಯ ವಯಸ್ಸು, ಹಾಕಿದ ಆಹಾರ, ಕೊಟ್ಟ ಲಸಿಕೆ ಮತ್ತು ಔಷಧ, ಎಷ್ಟರಲ್ಲಿ ಎಷ್ಟು ಬಿದ್ದಿವೆ.